ಕೈಮಗ್ಗದ ಬಟ್ಟೆ ಗುರುತಿಸೋದು ಹೇಗೆ? ಇಳಕಲ್ ಸೆರಗಿನಿಂದ ಘಾನಾದ ಕೆಂಟೆವರೆಗೆ

ಎಥ್ನಿಕ್ ಡೇ ಅಂದ್ರೆ ಈಗ ಖಣದ ಹಬ್ಬ ಅಂತಾನೇ ಹೇಳಬೇಕು. ಹುಡುಗಿಯರದ್ದು ಇಳಕಲ್ ಸೀರೆ, ಖಣದ ಕುಪ್ಪಸ. ಹುಡುಗರದ್ದು ಖಣದ ಜಾಕೆಟ್. ಕೆಲವರ ಫೋನ್ ಪೌಚ್ ಕೂಡ ಖಣದ್ದೇ. ಬಾಗಲಕೋಟೆ ಜಿಲ್ಲೆಯ ಬಟ್ಟೆ ಬೆಂಗಳೂರು, ಪುಣೆ, ಮುಂಬೈನ ಹುಡುಗರ ಮೈಮೇಲೆ ಕಾಣುತ್ತಿದೆ, ಸೋಫಾದ ದಿಂಬಿನ ಮೇಲೂ ಬಂದಿದೆ. ನಮ್ಮ ಕಡೆಯವರಿಗೆ ಇದು ಖುಷಿಯ ವಿಷಯವೇ.

ಆದ್ರೆ ಒಂದು ಪ್ರಶ್ನೆ. ಆನ್‌ಲೈನ್‌ನಲ್ಲಿ 'ಹ್ಯಾಂಡ್‌ಲೂಮ್ ಖಣ ಕುರ್ತಾ' ಅಂತ ಬರೆದು ಎರಡು ಪಿಜ್ಜಾದ ಬೆಲೆಗೆ ಮಾರ್ತಾರಲ್ಲ, ಅದು ನಿಜವಾಗಿ ಕೈಯಲ್ಲಿ ನೇಯ್ದದ್ದಾ? ಅಲ್ಲ ಅಂದ್ರೆ ಅದರಿಂದ ಯಾರಿಗೆ ಏನು ನಷ್ಟ? ನೋಡೋಕೆ ಎರಡೂ ಒಂದೇ ಥರ ಇದ್ದರೆ ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಇದಕ್ಕೆ ಉತ್ತರ ಬಟ್ಟೆಯ ಮೇಲಿನ ಚಿತ್ರದಲ್ಲಿ ಸಿಗಲ್ಲ. ಬಟ್ಟೆ ಹೇಗೆ ಕಟ್ಟಲ್ಪಟ್ಟಿದೆ ಅನ್ನೋದರಲ್ಲಿ ಸಿಗುತ್ತದೆ. ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು, ಕಟ್ಟುವ ರೀತಿಯನ್ನು ನಕಲು ಮಾಡೋದು ಕಷ್ಟ. ಅದನ್ನು ನೋಡೋಕೆ ಕಲಿತರೆ ಯಾವುದಕ್ಕೆ ದುಡ್ಡು ಕೊಡ್ತಿದ್ದೀವಿ ಅಂತ ನಮಗೇ ಗೊತ್ತಾಗುತ್ತದೆ. ಇಂಜಿನಿಯರಿಂಗ್ ಓದುವವರಿಗೆ ಇದು ಕಷ್ಟದ ವಿಷಯ ಏನಲ್ಲ.

ಹಾಸು ಮತ್ತು ಹೊಕ್ಕು

'ಹಾಸುಹೊಕ್ಕು' ಅನ್ನೋ ಮಾತನ್ನು ನಾವೆಲ್ಲ ಬಳಸ್ತೀವಿ. ಅದು ಮಗ್ಗದಿಂದ ಬಂದ ಮಾತು. ಮಗ್ಗದ ಮೇಲೆ ಉದ್ದಕ್ಕೆ ಬಿಗಿಯಾಗಿ ಎಳೆದು ಕಟ್ಟಿದ ದಾರ ಹಾಸು. ಅದರ ನಡುವೆ ಲಾಳಿಯ ಒಳಗೆ ಕೂತು ಅಡ್ಡಡ್ಡ ಓಡಾಡುವ ದಾರ ಹೊಕ್ಕು. ಲಾಳಿಯೊಳಗಿನ ಸಣ್ಣ ದಾರದ ಸುರುಳಿಗೆ ಕಂಡಿಕೆ ಅಂತಾರೆ. ನೇಕಾರ ಕಾಲಿನಿಂದ ಪೆಡಲ್ ತುಳಿದಾಗ ಹಾಸಿನ ಕೆಲವು ಎಳೆ ಮೇಲೆ, ಕೆಲವು ಕೆಳಗೆ ಹೋಗಿ ಮಧ್ಯೆ ಒಂದು ಸಂದು ತೆರೆದುಕೊಳ್ಳುತ್ತದೆ. ಆ ಸಂದಿನಲ್ಲಿ ಲಾಳಿ ಹಾಯುತ್ತದೆ. ಹಣಿಗೆಯಿಂದ ಹೊಡೆದು ಹೊಕ್ಕನ್ನು ಬಿಗಿ ಮಾಡ್ತಾರೆ. ಮತ್ತೆ ತುಳಿತ, ಮತ್ತೆ ಲಾಳಿ. ಇಷ್ಟೇ ನೇಯ್ಗೆ.

ಬೇರೆ ಥರ ಹೇಳಬೇಕು ಅಂದ್ರೆ ಪ್ರತಿ ಸಾಲಿನಲ್ಲೂ ಹಾಸಿನ ಪ್ರತಿ ಎಳೆಗೆ ಎರಡೇ ಸ್ಥಿತಿ: ಮೇಲೆ ಅಥವಾ ಕೆಳಗೆ, ಒಂದು ಅಥವಾ ಸೊನ್ನೆ. 1804ರಲ್ಲಿ ಫ್ರಾನ್ಸಿನ ಜಾಕಾರ್ಡ್ ಅನ್ನುವವನು ಈ ಮೇಲೆ-ಕೆಳಗೆಯ ಲೆಕ್ಕವನ್ನು ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ ಇಟ್ಟ. ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಇದೇ ಕಾರ್ಡಿನ ಉಪಾಯ ಎತ್ತಿಕೊಂಡ. ಕಂಪ್ಯೂಟರ್ ಸೈನ್ಸ್ ಬ್ರಾಂಚಿನವರಿಗೆ ಮಗ್ಗ ಒಂದು ಲೆಕ್ಕದಲ್ಲಿ ದೂರದ ಅಜ್ಜ ಆಗಬೇಕು.

ಮಗ್ಗ ಅಂದಕೂಡಲೇ ನೇಯುವವರು ಮಾತ್ರ ನಮ್ಮ ಕಣ್ಣಿಗೆ ಬರ್ತಾರೆ. ಆದ್ರೆ ದಾರಕ್ಕೆ ಬಣ್ಣ ಹಾಕಬೇಕು, ಗಂಜಿ ಕೊಡಬೇಕು, ಕಂಡಿಕೆ ಸುತ್ತಬೇಕು, ಹಾಸು ಮಾಡಬೇಕು, ಎಳೆ ಕಡಿದರೆ ಹೊಸೆದು ಕೂಡಿಸಬೇಕು. 2019-20ರ ರಾಷ್ಟ್ರೀಯ ಕೈಮಗ್ಗ ಗಣತಿ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಮಂದಿ ಈ ಕೆಲಸದಲ್ಲಿದ್ದಾರೆ. ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ಕೂಲಿ ಮಾತ್ರ ಸಾಮಾನ್ಯವಾಗಿ ಸೀರೆಗೆ ಇಷ್ಟು ಅಂತ ಇರುತ್ತದೆ. ಮನೆಮಂದಿಯ ಕೆಲಸವೆಲ್ಲ ಆ ಒಂದು ಅಂಕಿಯ ಒಳಗೇ ಸೇರಿ ಹೋಗುತ್ತದೆ.

ಇಳಕಲ್ ಸೀರೆ: ಒಂದು ಸೀರೆಗೆ ಒಂದೇ ಹಾಸು

ಇಳಕಲ್ ಸೀರೆಯನ್ನು ದೂರದಿಂದ ಗುರುತಿಸೋದು ಸುಲಭ. ಒಡಲು ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರು ಇಂಥ ಗಟ್ಟಿ ಬಣ್ಣದ್ದು. ದಡಿ ಹೆಚ್ಚಾಗಿ ಕೆಂಪು ಅಥವಾ ಕಡುಗೆಂಪು. ಸೆರಗಿನಲ್ಲಿ ಕೆಂಪು ಬಿಳಿ ಪಟ್ಟೆ, ಅದರಲ್ಲಿ ಹಲ್ಲುಹಲ್ಲಿನ ವಿನ್ಯಾಸ. ಅದಕ್ಕೆ ಹಣಿಗೆ, ಕೋಟೆ ಗೋಡೆ, ಜೋಳದ ತೆನೆ ಹೀಗೆ ನಮ್ಮ ಸುತ್ತಮುತ್ತ ಕಾಣುವ ವಸ್ತುಗಳ ಹೆಸರುಗಳೇ ಇವೆ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ, ದಡಿಗೆ ರೇಷ್ಮೆ ಅಥವಾ ಕೃತಕ ರೇಷ್ಮೆ. ಇದು ಹಳೆಯ ಪದ್ಧತಿ.

ಸ್ವಾರಸ್ಯ ಇರೋದು ಇಲ್ಲೇ. ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ ಅಂದ್ರೆ ಒಂದೇ ಸೀರೆಯಲ್ಲಿ ಉದ್ದದ ದಾರ ನಡುವೆ ಬದಲಾಗಬೇಕು. ಅದು ಹೇಗೆ ಸಾಧ್ಯ? ಒಡಲಿನ ಹಾಸಿನ ಎಳೆಗಳ ಕೊನೆಯನ್ನು ಸೆರಗಿನ ಹಾಸಿನ ಎಳೆಗಳ ಜೊತೆ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೈಯಿಂದ ಕೂಡಿಸ್ತಾರೆ. ಎರಡು ರಬ್ಬರ್ ಬ್ಯಾಂಡುಗಳನ್ನು ಒಂದರೊಳಗೆ ಒಂದು ಸಿಕ್ಕಿಸಿ ಎಳೆದ ಹಾಗೆ ಅಂದುಕೊಳ್ಳಿ. ಹೀಗೆ ಸೀರೆಯ ಅಗಲಕ್ಕೂ ಸಾಲಾಗಿ ಕುಣಿಕೆಗಳು. ಇದಕ್ಕೆ ತೋಪು ತೆನಿ ಪದ್ಧತಿ ಅಂತ ಹೆಸರು.

ಇದರ ಪರಿಣಾಮ ಏನು ನೋಡಿ. ಸಾಮಾನ್ಯ ಮಗ್ಗದಲ್ಲಿ ಒಮ್ಮೆ ಉದ್ದನೆಯ ಹಾಸು ಹೂಡಿದರೆ ಅದರಿಂದ ಸಾಲಾಗಿ ಎಷ್ಟೋ ಸೀರೆ ನೇಯ್ದು ಕತ್ತರಿಸಿಕೊಳ್ಳಬಹುದು. ತೋಪು ತೆನಿ ಸೀರೆಗೆ ಹಾಗಾಗಲ್ಲ. ಆರು ಗಜದ ಸೀರೆ ಬೇಕಾ, ಆರು ಗಜದ್ದೇ ಹಾಸು ಮಾಡಬೇಕು. ಎಂಟು ಗಜ, ಒಂಬತ್ತು ಗಜ ಬೇಕಾ, ಅಷ್ಟೇ ಉದ್ದದ್ದು. ಸೀರೆ ಮುಗಿಯಿತು ಅಂದ್ರೆ ಹಾಸೂ ಮುಗಿಯಿತು. ಮುಂದಿನ ಸೀರೆಗೆ ಮತ್ತೆ ಕುಣಿಕೆ ಕೂಡಿಸೋದರಿಂದಲೇ ಶುರು. ಫ್ಯಾಕ್ಟರಿ ಭಾಷೆಯಲ್ಲಿ ಹೇಳೋದಾದ್ರೆ ಬ್ಯಾಚ್ ಸೈಜ್ ಒಂದು. ಯಾವ ಪ್ರೊಡಕ್ಷನ್ ಮೇಷ್ಟ್ರು ಕೇಳಿದರೂ ಇದು ದುಬಾರಿ ಪದ್ಧತಿ ಅಂತಾರೆ. ಹೌದು, ದುಬಾರಿಯೇ. ಸೀರೆಯ ಬೆಲೆಯ ಒಂದು ಪಾಲು ಈ ಕಣ್ಣಿಗೆ ಕಾಣದ ಗೆರೆಗೆ ಹೋಗುತ್ತದೆ.

ಎರಡನೆಯದು ಕೊಂಡಿ. ದಡಿಯ ಬಣ್ಣ ಕಲಬೆರಕೆ ಇಲ್ಲದೆ ಗಟ್ಟಿಯಾಗಿ ಕಾಣಬೇಕು ಅಂದ್ರೆ ದಡಿಯಲ್ಲಿ ಹಾಸೂ ಕೆಂಪಿರಬೇಕು, ಹೊಕ್ಕೂ ಕೆಂಪಿರಬೇಕು. ಆದ್ರೆ ಒಡಲಿನ ಹೊಕ್ಕು ಹಸಿರು. ಅದಕ್ಕೆ ಒಂದರ ಬದಲು ಮೂರು ಲಾಳಿ ಬೇಕು: ಎಡ ದಡಿಗೆ ಒಂದು, ನಡುವಿನ ಒಡಲಿಗೆ ಒಂದು, ಬಲ ದಡಿಗೆ ಒಂದು. ದಡಿ ಮತ್ತು ಒಡಲು ಸೇರುವ ಜಾಗದಲ್ಲಿ ಎರಡೂ ಬಣ್ಣದ ಹೊಕ್ಕು ಒಂದಕ್ಕೊಂದು ಕೊಂಡಿ ಹಾಕಿಕೊಂಡು ವಾಪಸ್ ತಿರುಗುತ್ತವೆ. ಪ್ರತಿ ಸಾಲಿಗೂ ಎರಡು ಕೊಂಡಿ. ಒಂದು ತಪ್ಪಿದರೆ ಅಲ್ಲಿ ಸಂದು ಬೀಳುತ್ತದೆ.

ಹೀಗೆ ಇಳಕಲ್ ಸೀರೆಯಲ್ಲಿ ಎರಡು ಜೋಡಣೆ ಇದೆ. ಉದ್ದಕ್ಕೆ ತೋಪು ತೆನಿ, ಅಡ್ಡಕ್ಕೆ ಕೊಂಡಿ. ಉಳಿದಿದ್ದೆಲ್ಲ ಬಣ್ಣ ಮತ್ತು ಚಿತ್ರ.

ಗುಳೇದಗುಡ್ಡ ಖಣ: ಹೆಚ್ಚಿನ ಹಾಸಿನ ಆಟ

ಖಣ ಅಂದ್ರೆ ಕುಪ್ಪಸದ ತುಂಡು. ದೇವಿಗೆ ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿ, ಅರಿಷಿಣ ಕುಂಕುಮದ ಜೊತೆ ಖಣ ಬೇಕೇ ಬೇಕು. ಮಗಳು ತವರಿಂದ ಹೊರಡುವಾಗಲೂ ಖಣ ಕೊಟ್ಟು ಕಳಿಸೋದು ನಮ್ಮ ಕಡೆ ರೂಢಿ. ಅಂಗಡಿಯಲ್ಲಿ ಅದನ್ನು ತ್ರಿಕೋನವಾಗಿ ಮಡಚಿ ಇಟ್ಟಿರ್ತಾರೆ, ನೋಡಿರ್ತೀರಿ.

ಖಣದ ಮೇಲಿನ ತೇರು, ಆನೆ ಹೆಜ್ಜೆ, ತುಳಸಿ, ನಾಗಮುರಿಗೆ ಇವೆಲ್ಲ ಪ್ರಿಂಟೂ ಅಲ್ಲ, ಕಸೂತಿಯೂ ಅಲ್ಲ. ಬಟ್ಟೆಯ ಮೂಲ ಹಾಸಿನ ಜೊತೆಗೆ ಇನ್ನೊಂದು ಬಣ್ಣದ ಹೆಚ್ಚಿನ ಹಾಸು ಹೂಡಿರ್ತಾರೆ. ಹೂವು ಬೇಕಾದ ಕಡೆ ಆ ಎಳೆಗಳು ಮೇಲೆದ್ದು ಮುಖ ತೋರಿಸುತ್ತವೆ, ಬೇಡವಾದ ಕಡೆ ಬಟ್ಟೆಯ ಹಿಂದೆ ಅಡಗಿಕೊಳ್ಳುತ್ತವೆ. ಹಾಗಾಗಿ ಖಣದ ಚಿತ್ರಗಳು ಯಾವಾಗಲೂ ಬಟ್ಟೆಯ ಉದ್ದಕ್ಕೆ ಸಾಲಾಗಿ ಬರುತ್ತವೆ. ಖಣವನ್ನು ತಿರುವಿ ನೋಡಿ. ಹಿಂದೆ ಆ ಎಳೆಗಳು ಉದ್ದುದ್ದವಾಗಿ ತೇಲಾಡೋದು ಕಾಣುತ್ತದೆ.

ಇಲ್ಲೊಂದು ಸಮಸ್ಯೆ ಇದೆ. ಖಣದ ಅಗಲ ಕುಪ್ಪಸದ ಲೆಕ್ಕಕ್ಕೆ ಹುಟ್ಟಿದ್ದು, ಅಂದ್ರೆ ಸಣ್ಣ ಪನ್ನ. ಕುರ್ತಾ, ಲೆಹಂಗಾ, ಕಿಟಕಿ ಪರದೆ ಹೊಲಿಯುವವರಿಗೆ ಬೇಕಾಗೋದು ದೊಡ್ಡ ಪನ್ನದ, ಮೀಟರುಗಟ್ಟಲೆ ಬಟ್ಟೆ. ಫ್ಯಾಷನ್ ಖಣವನ್ನು ಕುಪ್ಪಸದಿಂದ ಹೊರಗೆ ತಂದಾಗ ಬೇಡಿಕೆಯ ಜೊತೆಗೆ ಬಟ್ಟೆಯ ಅಳತೆಯೂ ಬದಲಾಯಿತು. ಆ ಅಳತೆಗೆ ಬೇಗ ಓಗೊಟ್ಟಿದ್ದು ಪಾವರ್‌ಲೂಮ್. ದೊಡ್ಡ ಪನ್ನದಲ್ಲಿ, ಪಾಲಿಯೆಸ್ಟರ್ ದಾರದಲ್ಲಿ, ಅದೇ ತೇರು ಅದೇ ಆನೆ ಹೆಜ್ಜೆ ರಾಶಿ ರಾಶಿ ಬರತೊಡಗಿತು. ಗುಳೇದಗುಡ್ಡದ ಕೈಮಗ್ಗದವರಲ್ಲೂ ಕೆಲವರು ಖಣದ ಸೀರೆ, ದುಪಟ್ಟಾ ನೇಯೋಕೆ ಶುರು ಮಾಡಿದ್ದಾರೆ. ಆದ್ರೆ ಬೆಲೆಯ ಓಟದಲ್ಲಿ ಕೈ ಮತ್ತು ಮೋಟಾರ್ ಒಂದೇ ಗೆರೆಯಲ್ಲಿ ನಿಲ್ಲೋಕೆ ಆಗಲ್ಲ.

ಪಾವರ್‌ಲೂಮ್ ವೈರಿಯಾ?

ಜಮಖಂಡಿ ಕಡೆಯವರು ಈ ಮಾತನ್ನು ಹುಷಾರಾಗಿ ಆಡಬೇಕು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದರೆ ಮನೆಮನೆಯಿಂದ ಮಗ್ಗದ ಖಟ್‌ಖಟ್ ಸದ್ದು ಬರುತ್ತದೆ. ಅದರಲ್ಲಿ ಹೆಚ್ಚಿನದು ಪಾವರ್‌ಲೂಮ್ ಸದ್ದು. ಅಲ್ಲಿನ ಎಷ್ಟೋ ಮನೆಗಳ ಒಲೆ ಉರಿಯೋದು, ಮಕ್ಕಳು ಕಾಲೇಜಿಗೆ ಬರೋದು ಅದರಿಂದಲೇ. ಆ ಮನೆಗಳಲ್ಲಿ ಹಿಂದಿನ ತಲೆಮಾರಿನವರು ಕೈಮಗ್ಗದಲ್ಲೇ ಕೂತಿದ್ದವರು. ಕುಣಿಯಲ್ಲಿ ಕಾಲಿಟ್ಟುಕೊಂಡು ದಿನವಿಡೀ ತುಳಿದು ಬೆನ್ನು ನೋಯಿಸಿಕೊಂಡವರು ಮಗನಿಗೆ ಮೋಟಾರ್ ಹಾಕಿಸಿಕೊಟ್ಟರೆ ಅದರಲ್ಲಿ ತಪ್ಪೇನಿದೆ? ದಿನಾ ಉಡುವ ಹತ್ತಿ ಸೀರೆ ಬಡವರ ಕೈಗೆಟುಕುವ ಬೆಲೆಗೆ ಸಿಗೋದೂ ಈ ಮೋಟಾರಿನಿಂದಲೇ.

ಹಾಗಾಗಿ ಪಾವರ್‌ಲೂಮ್ ಬಟ್ಟೆಯನ್ನು ಪಾವರ್‌ಲೂಮ್ ಬಟ್ಟೆ ಅಂತ ಮಾರಿದರೆ ಯಾವ ತಕರಾರೂ ಇಲ್ಲ. ತಕರಾರು ಇರೋದು ಹೆಸರಿನದು. ಮೋಟಾರಿನ ಬಟ್ಟೆಗೆ 'ಹ್ಯಾಂಡ್‌ಲೂಮ್' ಅಂತ ಚೀಟಿ ಹಚ್ಚಿದಾಗ ಇಬ್ಬರಿಗೆ ಮೋಸ ಆಗುತ್ತದೆ. ಕೊಂಡವರಿಗೆ ಒಂದು ಸಲ. ಕೈಮಗ್ಗದವರಿಗೆ ದಿನಾ. ಯಾಕಂದ್ರೆ ಅಂಗಡಿಗೆ ಬಂದವರು "ಅದೇ ಖಣ ಆನ್‌ಲೈನ್‌ನಾಗ ಅರ್ಧ ರೇಟಿಗೆ ಸಿಗ್ತದಲ್ರೀ" ಅಂತ ಕೇಳ್ತಾರೆ. 'ಅದೇ ಖಣ' ಅನ್ನೋ ಮಾತಿಗೆ ನೇಕಾರರ ಹತ್ತಿರ ಉತ್ತರ ಇರುತ್ತದೆ, ಕೇಳಿಸಿಕೊಳ್ಳುವವರು ಇರಲ್ಲ.

ಕಾನೂನು ಇಲ್ಲ ಅಂತಲ್ಲ. 1985ರ ಕಾಯ್ದೆಯೊಂದು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿದೆ. ಇಳಕಲ್ ಸೀರೆ ಮತ್ತು ಗುಳೇದಗುಡ್ಡ ಖಣ ಎರಡಕ್ಕೂ ಜಿಐ ಟ್ಯಾಗ್ ಇದೆ. 2006ರಿಂದ 'ಹ್ಯಾಂಡ್‌ಲೂಮ್ ಮಾರ್ಕ್' ಅನ್ನೋ ಗುರುತಿನ ಚೀಟಿಯೂ ಇದೆ. ಆದ್ರೆ ಇವೆಲ್ಲ ಕೊಳ್ಳುವವರು ಕೇಳಿದಾಗ ಮಾತ್ರ ಕೆಲಸ ಮಾಡುತ್ತವೆ.

ಆಫ್ರಿಕಾದಲ್ಲೂ ಇದೇ ಕಥೆ

ಇದು ಬಾಗಲಕೋಟೆ ಜಿಲ್ಲೆಗೆ ಮಾತ್ರ ಬಂದ ಕಷ್ಟ ಅಂದುಕೊಳ್ಳಬೇಡಿ. ಚಿತ್ರ ಮತ್ತು ಕಟ್ಟುವ ರೀತಿ ಬೇರೆಬೇರೆ ಆದಾಗ ಏನಾಗುತ್ತದೆ ಅಂತ ತಿಳಿಯೋಕೆ ಪಶ್ಚಿಮ ಆಫ್ರಿಕಾದ ಬಟ್ಟೆಗಳನ್ನು ನೋಡಬೇಕು.

ಘಾನಾ ದೇಶದ ಕೆಂಟೆ ಬಟ್ಟೆಯನ್ನು ನೀವು ಅಮೆರಿಕದ ಕಾಲೇಜುಗಳ ಪದವಿ ಪ್ರದಾನದ ಫೋಟೋಗಳಲ್ಲಿ ನೋಡಿರಬಹುದು. ಕಪ್ಪು ಗೌನಿನ ಮೇಲೆ ಹಳದಿ, ಹಸಿರು, ಕೆಂಪು ಚೌಕಗಳ ಪಟ್ಟಿ. ಅಶಾಂತಿ ಮತ್ತು ಎವೆ ಜನರು ನೇಯುವ ಬಟ್ಟೆ ಅದು. ಕುಮಾಸಿ ಹತ್ತಿರದ ಬೊನ್ವಿರೆ ಊರು ಅದಕ್ಕೆ ಹೆಸರುವಾಸಿ. ಒಂದು ಕಾಲಕ್ಕೆ ರಾಜರು ಉಡುತ್ತಿದ್ದ ಬಟ್ಟೆ. 2024ರಲ್ಲಿ ಯುನೆಸ್ಕೋ ಕೆಂಟೆ ನೇಯ್ಗೆಯನ್ನು ತನ್ನ ಪಾರಂಪರಿಕ ಕಲೆಗಳ ಪಟ್ಟಿಗೆ ಸೇರಿಸಿತು.

ಕೆಂಟೆಯ ಮಗ್ಗ ತುಂಬಾ ಕಿರಿದು. ಅದರಲ್ಲಿ ನೇಯ್ದ ಪಟ್ಟಿಯ ಅಗಲ ಸುಮಾರು 4 ಇಂಚು ಅಷ್ಟೇ. ಉದ್ದನೆಯ ಪಟ್ಟಿ ನೇಯ್ದು, ತುಂಡು ಮಾಡಿ, ಅಂಚಿಗೆ ಅಂಚು ಸೇರಿಸಿ ಹೊಲಿದರೆ ಬಟ್ಟೆ ಆಗುತ್ತದೆ. ಗಂಡಸು ಮೈಮೇಲೆ ಹೊದ್ದುಕೊಳ್ಳುವ ದೊಡ್ಡ ಬಟ್ಟೆಗೆ ಇಪ್ಪತ್ತಕ್ಕೂ ಹೆಚ್ಚು ಪಟ್ಟಿ ಬೇಕಾಗಬಹುದು. ಚೌಕಗಳು ಪಕ್ಕಪಕ್ಕದ ಪಟ್ಟಿಯಲ್ಲಿ ಸರಿಯಾಗಿ ಕೂಡಬೇಕು ಅಂದ್ರೆ ನೇಯುವಾಗಲೇ ಅಳತೆ ತಲೆಯಲ್ಲಿರಬೇಕು. ನಮ್ಮ ಸೆರಗಿನ ಹಾಗೆ ಕೆಂಟೆಯ ಜೀವವೂ ಜೋಡಣೆಯಲ್ಲೇ ಇದೆ. ಪ್ರಿಂಟ್ ಮಾಡಿದ ಕೆಂಟೆಯಲ್ಲಿ ಅದೇ ಚೌಕ, ಅದೇ ಬಣ್ಣ ಇರುತ್ತದೆ. ಆದ್ರೆ ಹೊಲಿಗೆ ಇರಲ್ಲ, ಪಟ್ಟಿಗಳ ನಡುವೆ ಬರೀ ಗೆರೆ ಎಳೆದಿರ್ತಾರೆ.

ಇನ್ನೊಂದು ಕಥೆ ಇದಕ್ಕಿಂತ ಮಜವಾಗಿದೆ. 'ಆಫ್ರಿಕನ್ ಪ್ರಿಂಟ್' ಅಂತ ಜಗತ್ತೆಲ್ಲ ಗುರುತಿಸುವ ಗಾಢ ಬಣ್ಣದ ವ್ಯಾಕ್ಸ್ ಬಟ್ಟೆ ಹುಟ್ಟಿದ್ದು ಆಫ್ರಿಕಾದಲ್ಲಿ ಅಲ್ಲ. ಇಂಡೋನೇಷ್ಯಾದ ಜಾವಾದಲ್ಲಿ ಮೇಣ ಹಚ್ಚಿ ಬಣ್ಣ ಹಾಕುವ ಬಾಟಿಕ್ ಕಲೆ ಇದೆ. ಡಚ್ಚರು ಅದನ್ನು ಯಂತ್ರದಲ್ಲಿ ನಕಲು ಮಾಡಿ, ಆಮೇಲೆ ಪಶ್ಚಿಮ ಆಫ್ರಿಕಾದಲ್ಲಿ ಮಾರಿದರು. 1846ರಲ್ಲಿ ನೆದರ್‌ಲ್ಯಾಂಡ್ಸ್‌ನ ಹೆಲ್ಮಂಡ್ ಊರಿನಲ್ಲಿ ಶುರುವಾದ ವ್ಲಿಸ್ಕೊ ಕಂಪನಿ ಇವತ್ತಿಗೂ ಆ ಬಟ್ಟೆಗೆ ದೊಡ್ಡ ಹೆಸರು. ಆದ್ರೆ ಆಫ್ರಿಕಾದ ಹೆಣ್ಣುಮಕ್ಕಳು ಸುಮ್ಮನೆ ಕೊಂಡು ಉಟ್ಟವರಲ್ಲ. ಒಂದೊಂದು ವಿನ್ಯಾಸಕ್ಕೂ ತಮ್ಮ ಗಾದೆ, ತಮಾಷೆ, ಜಗಳಗಳ ಹೆಸರಿಟ್ಟು ಅದನ್ನು ತಮ್ಮದು ಮಾಡಿಕೊಂಡರು. ಟೋಗೋ ದೇಶದ ಲೋಮೆಯಲ್ಲಿ ಈ ಬಟ್ಟೆ ವ್ಯಾಪಾರ ಮಾಡಿ ಬೆಂಜ್ ಕಾರಿನಲ್ಲಿ ಓಡಾಡಿದ ಹೆಂಗಸರಿಗೆ 'ನಾನಾ ಬೆಂಜ್' ಅಂತಲೇ ಹೆಸರು ಬಂತು. ಹೊರಗಿನಿಂದ ಬಂದ ಬಟ್ಟೆಯೂ ಒಂದು ಜನರದ್ದು ಆಗಬಹುದು ಅನ್ನೋಕೆ ಇದು ಉದಾಹರಣೆ. ಆಮೇಲೆ ಇನ್ನೂ ಅಗ್ಗದ ಚೀನಾ ಪ್ರಿಂಟ್ ಬಂದು ಆ ವ್ಯಾಪಾರಕ್ಕೂ ಪೆಟ್ಟು ಕೊಟ್ಟಿತು ಅನ್ನೋದು ಕಥೆಯ ಮುಂದಿನ ಭಾಗ.

ಮೂರನೆಯದು ಮಾಲಿ ದೇಶದ ಬೊಗೊಲಾನ್, ಕೆಸರಿನ ಬಟ್ಟೆ. ಕೈಯಲ್ಲಿ ನೂತ ಹತ್ತಿಯ ಬಟ್ಟೆಯನ್ನು ಎಲೆಗಳ ಕಷಾಯದಲ್ಲಿ ಅದ್ದಿ ಹಳದಿ ಮಾಡ್ತಾರೆ. ಅದರ ಮೇಲೆ ಬಹಳ ದಿನ ಕೊಳೆಸಿಟ್ಟ, ಕಬ್ಬಿಣದ ಅಂಶವಿರುವ ಕೆಸರಿನಿಂದ ಚಿತ್ರ ಬರೀತಾರೆ. ಕಷಾಯದ ಟ್ಯಾನಿನ್ ಮತ್ತು ಕೆಸರಿನ ಕಬ್ಬಿಣ ಸೇರಿ ಗಟ್ಟಿ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದಿನ ಕಾಲದ ಶಾಯಿ ತಯಾರಾಗುತ್ತಿದ್ದದ್ದೂ ಇದೇ ರಸಾಯನದಿಂದ. ಕ್ರಿಸ್ ಸೇಡು ಅನ್ನುವ ಮಾಲಿಯ ಡಿಸೈನರ್ ಈ ಹಳ್ಳಿಯ ಬಟ್ಟೆಯನ್ನು ಕೋಟು, ಸ್ಕರ್ಟ್ ಮಾಡಿ ಪ್ಯಾರಿಸ್ಸಿನವರೆಗೆ ಒಯ್ದ. ಈಗ ಬೊಗೊಲಾನ್ ಚಿತ್ರದ ದಿಂಬು, ಹಾಸಿಗೆ ಹೊದಿಕೆ ಜಗತ್ತಿನ ಎಲ್ಲ ಕಡೆ ಸಿಗುತ್ತವೆ. ಅವುಗಳಲ್ಲಿ ಎಷ್ಟೋ ಕೆಸರನ್ನೇ ಕಾಣದವು.

ಮೂರು ಕಥೆಗಳ ಸಾರ ಒಂದೇ. ಫ್ಯಾಷನ್ ಬಟ್ಟೆಗೆ ಹೆಸರು ತಂದುಕೊಡುತ್ತದೆ. ಆ ಹೆಸರಿನ ಹಿಂದೆಯೇ ನಕಲು ಬರುತ್ತದೆ. ಕೊಳ್ಳುವವರಿಗೆ ಚಿತ್ರ ಮಾತ್ರ ಸಾಕು ಅಂತಾದರೆ ದುಡ್ಡು ಚಿತ್ರದ ಹಿಂದೆ ಹೋಗುತ್ತದೆ, ನೇಯ್ದವರ ಮನೆಗೆ ಹೋಗಲ್ಲ.

ಕೌದಿ: ಮಾರಾಟಕ್ಕೆ ಹುಟ್ಟದ ಬಟ್ಟೆ

ಮನೆಯ ಬಳಕೆಯ ಮಾತು ಬಂದಾಗ ಕೌದಿಯನ್ನು ಬಿಡೋಕೆ ಆಗಲ್ಲ. ನಮ್ಮೂರು ಚಿಕ್ಕಪಡಸಲಗಿ ಅಂದ್ರೆ 1989ರಲ್ಲಿ ರೈತರೇ ದುಡ್ಡು, ದುಡಿಮೆ ಹಾಕಿ ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿದ ಊರು ಅಂತ ನಿಮಗೆ ಗೊತ್ತಿರಬಹುದು. ಆ ಊರಲ್ಲಾಗಲಿ, ಜಮಖಂಡಿ ಮುಧೋಳ ಬೀಳಗಿ ಕಡೆಯ ಯಾವ ಹಳ್ಳಿಯಲ್ಲಾಗಲಿ ಹಳೆಯ ಇಳಕಲ್ ಸೀರೆ ಕಸಕ್ಕೆ ಹೋಗಲ್ಲ. ಮೊದಲು ಹಬ್ಬದ ಸೀರೆ, ಬಣ್ಣ ಮಾಸಿದ ಮೇಲೆ ಹೊಲದ ಸೀರೆ, ಹರಿದ ಮೇಲೆ ಕೌದಿ. ಹಳೆಯ ಹತ್ತಿ ಬಟ್ಟೆ ತೊಳೆತೊಳೆದು ಮೆತ್ತಗಾಗಿರುತ್ತದೆ, ಅದಕ್ಕೇ ಹಸುಗೂಸಿನ ಮೈಗೂ ಚುಚ್ಚಲ್ಲ. ಆಯಿಯ ಸೀರೆ ಮೊಮ್ಮಗನ ತೊಟ್ಟಿಲಿಗೆ ಬರೋದು ಹೀಗೆ.

ಕೌದಿಯ ತಂತ್ರ ನೋಡೋಕೆ ಸರಳ. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಎಲ್ಲ ಪದರಗಳನ್ನೂ ಸೇರಿಸಿ ಸಾಲು ಸಾಲಾಗಿ ಕೈಹೊಲಿಗೆ ಹಾಕ್ತಾರೆ. ಈ ಹೊಲಿಗೆ ಅಂದಕ್ಕಿಂತ ಹೆಚ್ಚಾಗಿ ಗಟ್ಟಿಗೆ. ಪದರಗಳು ಜಾರಬಾರದು, ಒಗೆದಾಗ ಮುದ್ದೆ ಆಗಬಾರದು. ಹೊಲಿಗೆ ಹತ್ತಿರ ಹತ್ತಿರ ಇದ್ದಷ್ಟೂ ಭಾರ ಎಲ್ಲ ಕಡೆ ಹಂಚಿಹೋಗುತ್ತದೆ. ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳೂ ಇದ್ದಾರೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದವರೂ ಇದೇ ಥರದ ಹೊದಿಕೆ ಹೊಲೀತಾರೆ, ಅದಕ್ಕೆ ಕವಂದಿ ಅಂತ ಹೆಸರು. ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರು. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಈ ಕಾಡುಗಳಿಗೆ ಬಂದು ನೆಲೆಸಿದರು. ಕವಂದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಸುತ್ತು ಬಂದು ನಡುವಿಗೆ ಮುಗಿಯುತ್ತದೆ. ನಾಲ್ಕು ಮೂಲೆಗೂ ಮಡಚಿದ ತುಂಡುಗಳ 'ಫುಲ' ಅಂದ್ರೆ ಹೂವು ಇಡ್ತಾರೆ. ಹೂವಿಲ್ಲದ ಕವಂದಿ ಅರೆಬರೆ ಅಂತಲೇ ಲೆಕ್ಕ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಇವುಗಳನ್ನು ಅಧ್ಯಯನ ಮಾಡಿದ ಮೇಲೆ ಕವಂದಿಗಳು ವಿದೇಶದ ಮ್ಯೂಸಿಯಂ ಗೋಡೆಗಳನ್ನೂ ಕಂಡವು. ಒಂದು ಕಾಲದಲ್ಲಿ ಬಡತನದ ಗುರುತು ಅಂತ ಮಡಚಿ ಒಳಗಿಡುತ್ತಿದ್ದ ಹೊದಿಕೆ ಹೊಲಿದವರಿಗೆ ಹೆಸರು, ಒಂದಿಷ್ಟು ಸಂಪಾದನೆ ತಂದಿತು.

ಕೌದಿ ಮತ್ತು ಕವಂದಿ ಒಂದು ವಿಷಯ ಕಲಿಸುತ್ತವೆ. ಅವುಗಳಲ್ಲಿ ಒಂದರಂತೆ ಇನ್ನೊಂದಿಲ್ಲ, ಯಾಕಂದ್ರೆ ಒಂದೊಂದು ಮನೆಯ ಹಳೆ ಬಟ್ಟೆ ಬೇರೆ. ಮಷೀನಿನಲ್ಲಿ ಹೊಲಿದ 'ಕೌದಿ ಸ್ಟೈಲ್' ಬೆಡ್‌ಶೀಟ್ ಈಗ ಸಿಗುತ್ತದೆ. ಅದಕ್ಕೆ ಹೊಸ ಬಟ್ಟೆಯನ್ನೇ ತುಂಡು ಮಾಡಿ ಸೇರಿಸ್ತಾರೆ! ಉಳಿಸೋಕೆ ಹುಟ್ಟಿದ ಕಲೆಯನ್ನು ಕತ್ತರಿಸಿ ಮಾಡೋದು ಅಂದ್ರೆ ಇದೇ.

ಅಂಗಡಿಯಲ್ಲಿ ನಿಂತು ನೋಡಬೇಕಾದ್ದು

ಇಷ್ಟೆಲ್ಲ ಓದಿದ ಮೇಲೆ ಕೆಲಸಕ್ಕೆ ಬರುವ ಕೆಲವು ಪರೀಕ್ಷೆಗಳು:

1. ಇಳಕಲ್ ಸೀರೆಯಲ್ಲಿ ಒಡಲು ಮತ್ತು ಸೆರಗು ಸೇರುವ ಜಾಗವನ್ನು ತಿರುವಿ ನೋಡಿ. ತೋಪು ತೆನಿ ಇದ್ದರೆ ಅಲ್ಲಿ ಕುಣಿಕೆಗಳ ಸಣ್ಣ ಗೆರೆ ಕಾಣುತ್ತದೆ, ಉದ್ದದ ದಾರದ ಬಣ್ಣ ಅಲ್ಲಿಗೇ ಬದಲಾಗುತ್ತದೆ. ಒಡಲಿನ ಹಸಿರು ಎಳೆ ಸೆರಗಿನೊಳಗೂ ಹಾಗೇ ಮುಂದುವರಿದಿದ್ದರೆ ಅದು ತೋಪು ತೆನಿ ಸೀರೆ ಅಲ್ಲ.

2. ದಡಿಯನ್ನು ಬೆಳಕಿಗೆ ಹಿಡಿಯಿರಿ. ಕೊಂಡಿ ಹಾಕಿದ ದಡಿಯಲ್ಲಿ ಹಾಸು ಹೊಕ್ಕು ಎರಡೂ ಒಂದೇ ಬಣ್ಣ. ಒಡಲಿನ ಹೊಕ್ಕೇ ದಡಿಯನ್ನು ಹಾಯ್ದು ಅಂಚಿನವರೆಗೆ ಹೋಗಿದ್ದರೆ ದಡಿಯ ಬಣ್ಣ ಮಿಶ್ರವಾಗಿ ಕಾಣುತ್ತದೆ.

3. ಖಣವನ್ನು ತಿರುವಿ ನೋಡಿ. ಹಿಂದೆ ಎಳೆಗಳು ತೇಲದೇ ಇದ್ದರೆ ಅದು ಬಹುತೇಕ ಪ್ರಿಂಟ್. ಆದ್ರೆ ಎಳೆ ಇದ್ದ ಮಾತ್ರಕ್ಕೆ ಕೈಮಗ್ಗ ಅಂತ ಹೇಳೋಕೆ ಆಗಲ್ಲ, ಪಾವರ್‌ಲೂಮ್ ಖಣದಲ್ಲೂ ಅವು ಇರುತ್ತವೆ. ಇದು ಪ್ರಿಂಟನ್ನು ಬೇರೆ ಮಾಡುವ ಪರೀಕ್ಷೆ ಮಾತ್ರ.

4. ದಾರ ಯಾವುದು ಅಂತ ತಿಳಿಯಬೇಕಾ? ಮನೆಗೆ ತಂದ ಮೇಲೆ ಅಂಚಿನ ಒಂದು ಬಿಡಿ ಎಳೆಯನ್ನು ಹುಷಾರಾಗಿ ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ.

5. 'ಹ್ಯಾಂಡ್‌ಲೂಮ್' ಅಂದವರಿಗೆ ಹ್ಯಾಂಡ್‌ಲೂಮ್ ಮಾರ್ಕ್ ಇದೆಯಾ, ಯಾವ ಊರಿನ ಮಗ್ಗದ್ದು ಅಂತ ಕೇಳಿ. 1975ರಲ್ಲಿ ಶುರುವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ, ನೇಕಾರರ ಸಹಕಾರಿ ಸಂಘಗಳಿವೆ. ಅಲ್ಲಿ ಒಂದು ಸಲ ಅಸಲಿ ಬಟ್ಟೆ ಮುಟ್ಟಿ ನೋಡಿ ಬಂದರೆ ಆಮೇಲೆ ಬೇರೆ ಕಡೆ ಕೈಗೇ ಗೊತ್ತಾಗುತ್ತದೆ.

ಕೊನೆಯದಾಗಿ

ನಾವು ವಿದ್ಯಾರ್ಥಿಗಳು. ಎಲ್ಲರೂ ಕೈಮಗ್ಗದ ಸೀರೆಯನ್ನೇ ಕೊಳ್ಳಿ ಅಂತ ಹೇಳೋದು ಸುಲಭ, ಜೇಬು ನೋಡಿಕೊಂಡರೆ ಕಷ್ಟ. ಪಾವರ್‌ಲೂಮ್ ಖಣದ ಕುರ್ತಾ ಹಾಕಿದರೆ ನಾಚಿಕೆ ಪಡಬೇಕಾದ್ದು ಏನೂ ಇಲ್ಲ. ಆದ್ರೆ ಅದನ್ನು ಪಾವರ್‌ಲೂಮ್ ಖಣ ಅಂತಲೇ ಕರೆಯೋಣ. ರೀಲ್ಸ್‌ನಲ್ಲಿ, ಕಾಲೇಜಿನ ಸ್ಟಾಲ್‌ನಲ್ಲಿ, ಗೆಳೆಯರ ಆನ್‌ಲೈನ್ ಅಂಗಡಿಯಲ್ಲಿ 'ಹ್ಯಾಂಡ್‌ಲೂಮ್' ಅನ್ನೋ ಪದವನ್ನು ಸುಮ್ಮನೆ ಅಂಟಿಸೋದು ಬೇಡ. ಆ ಪದ ಕುಣಿಯಲ್ಲಿ ಕಾಲಿಟ್ಟು ಕೂತವರ ಆಸ್ತಿ.

ಇನ್ನೊಂದು ಕೆಲಸ ನಮ್ಮಿಂದಲೇ ಆಗಬೇಕಾದ್ದು. ಕುಣಿಕೆ ಕೂಡಿಸುವ ಕೆಲಸದಲ್ಲಿ ಕಣ್ಣು, ಬೆನ್ನು ಸವೆಯೋದನ್ನು ಕಡಿಮೆ ಮಾಡುವ ಒಳ್ಳೆಯ ದೀಪ, ಕೂರುವ ಸ್ಟ್ಯಾಂಡ್, ಹಗುರ ತುಳಿತದ ಪೆಡಲ್ ಇವೆಲ್ಲ ಮಿನಿ ಪ್ರಾಜೆಕ್ಟಿಗೆ ತಕ್ಕ ವಿಷಯಗಳು. ಪ್ರತಿ ವರ್ಷ ಅದೇ ಲೈನ್ ಫಾಲೋವರ್ ರೋಬೋಟ್ ಮಾಡುವ ಬದಲು ಒಂದು ಬ್ಯಾಚ್ ಇಳಕಲ್ಲಿಗೋ ಗುಳೇದಗುಡ್ಡಕ್ಕೋ ಹೋಗಿ, ನೇಯುವವರನ್ನೇ "ನಿಮಗ ಎಲ್ಲಿ ತ್ರಾಸ ಆಗ್ತದರಿ?" ಅಂತ ಕೇಳಿ ಬರಲಿ. ಕೈಯ ಕೆಲಸ ಕೈಯಲ್ಲೇ ಉಳಿಯಲಿ, ನೋವು ಮಾತ್ರ ಕಡಿಮೆಯಾಗಲಿ. ಅಷ್ಟು ಮಾಡೋಕೆ ನಾವು ಓದಿದ್ದು ಸಾಕು.